ಮೂಲೆ ಮಡಿಸಿದ ಹಾಳೆ

ಎರಡನೇ ಸಲ ಬಗ್ಗಿ ಏಳುವಾಗ ಸ್ಯೂಫಾಂಗಳ ಕಣ್ಣು ಶವದ ಪೆಟ್ಟಿಗೆಯ ಮೇಲಿರಲಿಲ್ಲ. ಪಕ್ಕದ ಮೇಜಿನ ಕೆಳಗಿದ್ದ ನೀಲಿ ಬಿಸ್ಕತ್ತಿನ ಡಬ್ಬಿಯ ಮೇಲಿತ್ತು. ಮೂರನೇ ಸಲ ಬಗ್ಗುವಾಗ ಬೇಕೆಂದೇ ಇನ್ನಷ್ಟು ಬಗ್ಗಿದಳು. ಹೌದು, ಅದೇ ಡಬ್ಬಿ. ಮುಚ್ಚಳದ ಮೇಲೆ ಕುದುರೆಗಾಡಿಯ ಚಿತ್ರ, ಅಂಚಿನಲ್ಲಿ ತುಕ್ಕು. ಯುಕ್‌ಹಾ ತನ್ನ ಕೂಪನ್‌ಗಳನ್ನೆಲ್ಲ ಇಡುತ್ತಿದ್ದದ್ದು ಅದರಲ್ಲೇ.

"ಮನೆಯವರಿಂದ ವಂದನೆ" ಎಂದು ಶವಸಂಸ್ಕಾರ ನಡೆಸುವ ಕಪ್ಪು ಕೋಟಿನವನು ಕೂಗಿದ. ಯುಕ್‌ಹಾಳ ಮಗಳು ಕಿಟ್‌ಯಿಂಗ್, ಕೂದಲಿಗೆ ಬಿಳಿ ಉಣ್ಣೆಯ ಹೂ ಸಿಕ್ಕಿಸಿಕೊಂಡವಳು, ತಿರುಗಿ ಬಗ್ಗಿದಳು. ಯಾರೋ ಸ್ಯೂಫಾಂಗಳ ಕೈಗೆ ಬಿಳಿ ಲಕೋಟೆ ತುರುಕಿದರು. ಎಲ್ಲ ಸಾವಿನ ಮನೆಯಲ್ಲೂ ಕೊಡುವಂಥದ್ದೇ: ಒಂದು ಸಕ್ಕರೆ ಮಿಠಾಯಿ, ಕಣ್ಣೊರೆಸಲು ಒಂದು ಕಾಗದ, ಒಂದು ಡಾಲರಿನ ನಾಣ್ಯ. ಮಿಠಾಯಿ ತಿನ್ನಬೇಕು, ನಾಣ್ಯವನ್ನು ಮನೆ ಮುಟ್ಟುವ ಮೊದಲೇ ಖರ್ಚು ಮಾಡಬೇಕು. ಸಾವಿನ ಮನೆಯ ಕಾಸು ಹೊಸಿಲು ದಾಟಬಾರದು.

ಫೋಟೋದಲ್ಲಿ ಯುಕ್‌ಹಾ ಕೆಂಪು ದಪ್ಪ ಕೋಟು ಹಾಕಿಕೊಂಡು ತುಟಿ ಬಿಗಿದು ನಗುತ್ತಿದ್ದಳು. ಆ ಕೋಟಿನ ಬೆಲೆ ಇನ್ನೂರ ಹತ್ತೊಂಬತ್ತು ಡಾಲರ್ ಎಂದು ಸ್ಯೂಫಾಂಗಳಿಗೆ ಗೊತ್ತು. ಯುಕ್‌ಹಾ ಕೊಟ್ಟಿದ್ದು ನೂರ ಮೂವತ್ತೊಂಬತ್ತು. ಎರಡು ಕೂಪನ್ ಇದ್ದವು ಅವಳ ಹತ್ತಿರ. ಸ್ಯೂಫಾಂಗಳ ಹತ್ತಿರ ಒಂದೇ ಇತ್ತು.

'ಸತ್ತ ಮೇಲೂ ಅದನ್ನೇ ಹಾಕ್ಕೊಂಡು ನನ್ನೆದುರು ನಿಂತಿದ್ದಾಳೆ, ನೋಡು' ಅಂದುಕೊಂಡು ಹಿಂದಿನ ಸಾಲಿಗೆ ಹೋಗಿ ಕೂತಳು.

ಆಸ್ಪತ್ರೆಯ ಹಿಂಬದಿ, ಲಾರಿಗಳು ನಿಲ್ಲುವ ಕಡೆ ಇದ್ದ ಕೋಣೆ ಅದು. ಎಪ್ಪತ್ತು ವರ್ಷ ಬಾಳಿದ ಹೆಂಗಸಿಗೆ ಅರ್ಧ ಗಂಟೆ. ಆಮೇಲೆ ಇನ್ನೊಬ್ಬರ ಸರದಿ; ಅವರ ಕಡೆಯವರು ಆಗಲೇ ಬಾಗಿಲ ಹೊರಗೆ ಹೂವಿನ ಚಕ್ರ ಹಿಡಿದು ಗಡಿಯಾರ ನೋಡುತ್ತಿದ್ದರು.

ಕಟ್ಟಡದ ಕಾವಲುಗಾರ ದಪ್ಪ ಕ್ಯುಂಗ್ ಕುರ್ಚಿ ಕಿರ್ ಎನ್ನಿಸಿ ಪಕ್ಕದಲ್ಲಿ ಕೂತ. "ದೊಡ್ಡ ಹಾಲ್ ಮಾಡಿದ್ರೆ ಇಡೀ ರಾತ್ರಿ ಬಾಡಿಗೆ ಕಣಕ್ಕಾ. ಇಲ್ಲಿ ಮೂರರಲ್ಲೊಂದು ಪಾಲು. ಯುಕ್‌ಹಾ ಅಕ್ಕನ ಸಾವೂ ರಿಯಾಯ್ತಿ ದರದಲ್ಲೇ ಆಯ್ತು."

"ಬಾಯಿ ಮುಚ್ಚೋ. ಮಗಳು ಕೇಳಿಸ್ಕೋತಾಳೆ."

"ಕೇಳಿಸ್ಕೊಳ್ಲಿ. ಯಮರಾಯನ ಹತ್ರಾನೂ 'ಎರಡು ಜೀವ ತಗೊಂಡ್ರೆ ಒಂದು ಫ್ರೀ ಇಲ್ವಾ' ಅಂತ ಕೇಳಿರ್ತಾಳೆ ನಮ್ಮಕ್ಕ." ಹೇಳಿ ನಗಲು ಹೋದ ಕ್ಯುಂಗ್ ಮೂಗೆಳೆದುಕೊಂಡು ಲಕೋಟೆಯ ಕಾಗದ ಹುಡುಕಿದ. "ದಿನಾ ಬೆಳಿಗ್ಗೆ ಐದೂವರೆಗೆ ನಂಗೆ ಒಂದು ಬನ್ನು ಕೊಟ್ಟು ಹೋಗ್ತಿದ್ಲು. ಹಿಂದಿನ ದಿನದ್ದು, ಅರ್ಧ ಬೆಲೆದು. ಆದ್ರೂ ಕೊಡ್ತಿದ್ಲಲ್ಲ."

ಸ್ಯೂಫಾಂಗಳಿಗೆ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಎದುರುಬದುರು ಬಾಗಿಲು. ತನಗೆ ಒಂದು ಬನ್ನಿನ ಚೂರೂ ಬಂದಿರಲಿಲ್ಲ.

ಅವಳು ಒಳಜೇಬು ಮುಟ್ಟಿ ನೋಡಿಕೊಂಡಳು. ಮಡಿಸಿಟ್ಟ ಹಾಳೆ ಅಲ್ಲೇ ಇತ್ತು. ಅಂಗಡಿಯ ಕೂಪನ್ ಅಂಟಿಸಲು ಅದರಲ್ಲಿ ನಲವತ್ತು ಚೌಕ. ಅಂಟಿಸಿದ್ದು ಮೂವತ್ತೊಂದು. ನಲವತ್ತು ತುಂಬಿದರೆ ಏಳುನೂರು ಡಾಲರಿನ ಭಾರದ ಕಬ್ಬಿಣದ ಪಾತ್ರೆ ತೊಂಬತ್ತೊಂಬತ್ತಕ್ಕೆ. ಒಳಗೆ ಬಿಳಿ ಪಿಂಗಾಣಿ ಲೇಪ, ಹೊರಗೆ ಕಿತ್ತಳೆ ಬಣ್ಣ. ಇವತ್ತೇ ಕೊನೆಯ ದಿನ. ಯುಕ್‌ಹಾಳ ಹಾಳೆ ತುಂಬಿದೆ, ಆ ಡಬ್ಬಿಯಲ್ಲೇ ಇದೆ.

*

ಅವರಿಬ್ಬರೂ ಹದಿನಾಲ್ಕನೇ ಮಹಡಿಗೆ ಬಂದದ್ದು ಒಂದೇ ತಿಂಗಳಲ್ಲಿ. ಲಿಫ್ಟು ನಿಲ್ಲುತ್ತಿದ್ದದ್ದು ಹದಿಮೂರಕ್ಕೆ. ಒಂದು ಮಹಡಿ ಹತ್ತಿಯೇ ಬರಬೇಕು. ಯುಕ್‌ಹಾ ಆಗ ಜೀನ್ಸ್ ಕಾರ್ಖಾನೆಯಲ್ಲಿ ಗುಂಡಿಯ ತೂತು ಹೊಲಿಯುತ್ತಿದ್ದಳು. ದಿನಕ್ಕೆ ಎಂಟುನೂರು ತೂತು. ಕಾರ್ಖಾನೆ ಗಡಿಯಾಚೆಗೆ ಹೋಯಿತು, ತೂತು ಹೊಲಿಯುವವರು ಈಚೆಗೇ ಉಳಿದರು. ಅದೇ ವರ್ಷ ಲಾರಿ ಓಡಿಸುವ ಗಂಡನೂ ತೀರಿಕೊಂಡ. ಯುಕ್‌ಹಾ ಹೋಟೆಲಿನ ಹಿಂಬದಿಯಲ್ಲಿ ತಟ್ಟೆ ತೊಳೆದಳು. ಕೈ ಬಿರಿದು ರಕ್ತ ಬಂದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೊಳೆದಳು. ಕಿಟ್‌ಯಿಂಗಳ ಶಾಲೆಯ ಬೂಟು, ಎಣ್ಣೆ, ಅಕ್ಕಿ, ಪಾಯಖಾನೆ ಕಾಗದ ಎಲ್ಲ ಬಂದದ್ದು ಕತ್ತರಿಯ ತುದಿಯಿಂದ.

ಮೊದಲು ಶುಕ್ರವಾರದ ಪೇಪರಿನಲ್ಲಿ ಮಾತ್ರ ಕೂಪನ್ ಬರುತ್ತಿತ್ತು. ಆಮೇಲೆ ರೈಲು ನಿಲ್ದಾಣದ ಬಾಯಲ್ಲಿ ದಿನಾ ಬೆಳಿಗ್ಗೆ ಪೇಪರನ್ನೇ ಪುಕ್ಕಟೆ ಹಂಚತೊಡಗಿದರು. ಒಬ್ಬರಿಗೆ ಒಂದೇ. ಯುಕ್‌ಹಾ ಮೂರು ಟೋಪಿ ಇಟ್ಟುಕೊಂಡಿದ್ದಳು. ಬಿಸಿಲ ಟೋಪಿಯಲ್ಲಿ ಒಂದು, ಉಣ್ಣೆ ಟೋಪಿಯಲ್ಲಿ ಒಂದು, ಮೂರನೆಯದಕ್ಕೆ ಮಾಸ್ಕು ಬೇರೆ. ಸ್ಯೂಫಾಂಗಳಿಗೆ ಅದು ಆಗುತ್ತಿರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು, ಬಿಲ್ಲು ಮಾಡಿಸಿ ಹೊರಬರುವ ಹುಡುಗಿಯರ ಮುಂದೆ "ಆ ಅಂಟು ಕೂಪನ್ ಬೇಡ್ದಿದ್ರೆ ಕೊಡಮ್ಮ" ಎಂದು ಕೈಚಾಚುವುದಂತೂ ಆಗುತ್ತಲೇ ಇರಲಿಲ್ಲ. ಯುಕ್‌ಹಾ ಚಾಚುತ್ತಿದ್ದಳು. ನಗುತ್ತ, ನಾಚಿಕೆಯಿಲ್ಲದೆ, ದಿನಕ್ಕೆ ಹತ್ತು ಸಲ. ಅವಳ ಹಾಳೆ ತುಂಬುತ್ತಿತ್ತು.

ಸ್ಯೂಫಾಂಗ್ ಬೇರೆ ಕಡೆ ಗೆಲ್ಲುತ್ತಿದ್ದಳು. ಬೇಗ ಏಳುವುದರಲ್ಲಿ. ಅವಳ ಕಬ್ಬಿಣದ ಗೇಟು ಐದಕ್ಕೆ ಕರ್ರ್ ಎಂದರೆ, ಮರುದಿನ ಯುಕ್‌ಹಾಳದ್ದು ಐದಕ್ಕೆ ಐದು ನಿಮಿಷ ಇರುವಾಗಲೇ ಕರ್ರ್ ಎನ್ನುತ್ತಿತ್ತು. ಸಾಮಾನು ತಂದ ದಿನ ಇಬ್ಬರೂ ಚೀಲವನ್ನು ಪಡಸಾಲೆಯಲ್ಲಿ ಧೊಪ್ಪೆಂದು ಇಟ್ಟು, ಬೀಗದ ಕೈ ಹುಡುಕುವವರ ಹಾಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಎದುರು ಬಾಗಿಲ ಸಂದಿಯಲ್ಲಿ ಕಣ್ಣು ಕಾಣುವ ತನಕ.

ಅಂಗಡಿಯವರು ಹೊಸ ಸ್ಕೀಮು ಶುರು ಮಾಡಿದಾಗೆಲ್ಲ ಖಾಲಿ ಹಾಳೆಯೊಂದು ಸ್ಯೂಫಾಂಗಳ ಗೇಟಿನ ಸರಳಿಗೆ ಸಿಕ್ಕಿಕೊಂಡಿರುತ್ತಿತ್ತು. ಬೀಳದಿರಲೆಂದು ಮೇಲಿನ ಮೂಲೆಯನ್ನು ಮಡಿಸಿ ಕೊಕ್ಕೆಯಂತೆ ಹಾಕಿರುತ್ತಿದ್ದರು. ಮೊದಲ ಚೌಕದ ಮೇಲೇ ಗೆರೆ ಬೀಳುತ್ತಿತ್ತು. "ಕರಪತ್ರ ಹಂಚೋ ಮುಂಡೇಮಗ, ನೆಟ್ಟಗೆ ಇಡೋಕೇನು ರೋಗ ಇವನಿಗೆ" ಎಂದು ಬೈದು, ಇಸ್ತ್ರಿ ಪೆಟ್ಟಿಗೆಯಿಂದ ಆ ಗೆರೆ ತೀಡಿ, ಮೊದಲ ಕೂಪನ್ ಅಂಟಿಸುವಳು.

*

ಸುಡುಗಾಡಿನ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಗ್ವಾಯ್‌ಲಾನ್ ಬಂದು ಪಕ್ಕದಲ್ಲಿ ಕೂತಳು. ಒಂಬತ್ತನೇ ಮಹಡಿಯವಳು, ಬಂದು ಆರು ವರ್ಷವಾಗಿರಬಹುದು. ಅತ್ತು ಅತ್ತು ಮೂಗು ಕೆಂಪು ಮೂಲಂಗಿಯಾಗಿತ್ತು.

"ಯುಕ್‌ಹಾ ಅಕ್ಕ ಇಲ್ಲದೆ ನಾನೇನು ಮಾಡ್ಲಿ ಹೇಳಿ. ನಂಗೆ ಈ ಕೂಪನ್ನು ಕತ್ತರಿಸೋದು ಕಲಿಸಿದ್ದೇ ಅವಳು. ಯಾವ್ದು ಸೋಮವಾರ ಮಾತ್ರ ನಡೆಯುತ್ತೆ, ಯಾವ್ದನ್ನ ಇನ್ನೊಂದರ ಜೊತೆ ಸೇರಿಸ್ಬಹುದು, ಎಲ್ಲಾ. ಕೂತ್ಕೊಂಡು ಹೇಳ್ಕೊಡೋಳು. ಟೀ ಮಾಡ್ಕೊಡೋಳು."

"ಒಳಗೆ ಕರೀತಿದ್ಲಾ?" ಸ್ಯೂಫಾಂಗಳ ದನಿ ತಾನೇ ಮೇಲೇರಿತು.

"ಮತ್ತೆ? ಬುಧವಾರ ಬುಧವಾರ. ನೀವು ಡಾಕ್ಟರ ಹತ್ರ ಹೋಗ್ತಿದ್ರಲ್ಲ, ಮೊಣಕಾಲು ಶಾಖಕ್ಕೆ? ಆಗ." ಗ್ವಾಯ್‌ಲಾನ್ ಮೂಗೊರೆಸಿಕೊಂಡಳು. "ಎಷ್ಟು ದೊಡ್ಡ ಕೈ ಅಂತೀರಿ. ಎರಡು ವರ್ಷದ ಹಿಂದೆ ಚಾಕು ಸೆಟ್ ಬಂದಿತ್ತು ನೋಡಿ, ಐದು ಚಾಕುದು? ನಂಗೆ ಒಟ್ಟಿಗೆ ಹನ್ನೆರಡು ಕೂಪನ್ ಕೊಟ್ಬಿಟ್ಲು. 'ತಗೋ, ನಿನ್ನ ಮೊಮ್ಮಗಂಗೆ ಹಣ್ಣು ಹೆಚ್ಚಿಕೊಡು' ಅಂತ."

ಸ್ಯೂಫಾಂಗಳ ಬಾಯಲ್ಲಿದ್ದ ಮಿಠಾಯಿ ಕಟಕ್ಕೆಂದು ಎರಡಾಯಿತು.

*

ಚಾಕಿನ ಸಲ ಅವಳಿಗೆ ಒಂದೇ ಒಂದು ಕಡಿಮೆ ಬಿದ್ದಿತ್ತು. ಜನ್ಮದಲ್ಲಿ ಕೈಚಾಚದವಳು ಆವತ್ತು ಸಂಜೆ ಎದುರು ಗೇಟಿನ ಸರಳು ಬಡಿದಿದ್ದಳು. ಬಡಿಯುವ ಮೊದಲು ಮೂರು ಸಲ ವಾಪಸ್ಸು ತನ್ನ ಬಾಗಿಲಿಗೆ ಹೋಗಿ ಬಂದಿದ್ದಳು.

"ಯುಕ್‌ಹಾ. ಒಂದೇ ಒಂದು ಇದ್ರೆ ಕೊಡ್ತೀಯಾ? ಮುಂದಿನ ವಾರ ವಾಪಸ್ ಕೊಡ್ತೀನಿ."

ಯುಕ್‌ಹಾ ಸರಳಿನ ಆಚೆಯಿಂದ ಅವಳನ್ನು ತುಂಬ ಹೊತ್ತು ನೋಡಿದಳು. "ಇಲ್ಲ ಕಣೇ. ಎಲ್ಲಾ ಖಾಲಿ" ಅಂದಳು. ಆಮೇಲೆ, "ನಾಳೆ ಬೆಳಿಗ್ಗೆ ಬೇಗ ಎದ್ದು ಹೋಗು. ಸಿಗುತ್ತೆ" ಅಂದಳು. ಬಾಗಿಲು ಮುಚ್ಚಿತು.

*

"ನಾನೇ ಕೇಳ್ದೆ" ಎಂದು ಗ್ವಾಯ್‌ಲಾನ್ ಹೇಳುತ್ತಲೇ ಇದ್ದಳು, "'ಎದುರುಮನೆ ಅಕ್ಕಂಗೆ ಯಾಕೆ ಕೊಡಲ್ಲ ನೀನು' ಅಂತ. ಏನಂದ್ಲು ಗೊತ್ತಾ? 'ಅವಳಿಗೆ ಕೊಟ್ಬಿಟ್ರೆ ನಾಳೆ ಬೆಳಿಗ್ಗೆ ಅವಳು ಏಳಲ್ಲ. ಅವಳ ಗೇಟಿನ ಸದ್ದು ಕೇಳ್ಲಿಲ್ಲ ಅಂದ್ರೆ ನಂಗೂ ಹಾಸಿಗೆ ಬಿಡಕ್ಕೆ ಮನಸ್ಸು ಬರಲ್ಲ.'"

"ಅಂದ್ರೆ ನಾನೇನು ಅವಳ ಮನೆ ಹುಂಜಾನಾ?"

ಮುಂದಿನ ಸೀಟಿನಿಂದ ದಪ್ಪ ಕ್ಯುಂಗ್ ಕಿಸಕ್ಕೆಂದ. ಸ್ಯೂಫಾಂಗ್ ಕಿಟಕಿಯ ಕಡೆ ತಿರುಗಿದಳು. ಬುಧವಾರ ಬುಧವಾರ ಟೀ. ಹನ್ನೆರಡು ಕೂಪನ್. ಆರು ವರ್ಷದ ಹಿಂದೆ ಬಂದವಳಿಗೆ ಟೀ, ಮೂವತ್ತು ವರ್ಷದಿಂದ ಎದುರಿಗಿದ್ದವಳಿಗೆ ಮುಚ್ಚಿದ ಬಾಗಿಲು. ಸತ್ತವಳು ಎದ್ದು ಬಂದರೆ ಒಂದು ಕೇಳಬೇಕಿತ್ತು. ಎದ್ದು ಬರದೆ ತಪ್ಪಿಸಿಕೊಂಡಳು, ಕಳ್ಳಿ.

"ಪಾತ್ರೇನೂ ನಂಗೇ ಅಂತ ಹೇಳಿದ್ಲು" ಎಂದಳು ಗ್ವಾಯ್‌ಲಾನ್ ಮೆಲ್ಲಗೆ.

"ಹೇಳಿದ್ಲಾ? ಯಾವಾಗ?"

"ಹೇಳ್ಲಿಲ್ಲ. ಆದ್ರೆ ಕೊಡ್ತಿದ್ಲು."

ಗುಡ್ಡದ ಮೇಲಿನ ಚಿತಾಗಾರದಲ್ಲಿ ಕಿಟ್‌ಯಿಂಗ್ ಗುಂಡಿ ಒತ್ತಿದಳು. ಪೆಟ್ಟಿಗೆ ಪರದೆಯಾಚೆ ಜಾರಿಹೋಯಿತು. ಎಲ್ಲರೂ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತರು. ಸ್ಯೂಫಾಂಗಳೂ ತಿರುಗಿದಳು. ತಿರುಗಿದ ಕಡೆಯೇ ಕಿಟ್‌ಯಿಂಗಳ ಚೀಲವಿತ್ತು, ಚೀಲದಲ್ಲಿ ನೀಲಿ ಡಬ್ಬಿಯಿತ್ತು.

*

ಪಾತ್ರೆಯ ಹಾಳೆಯನ್ನು ಯುಕ್‌ಹಾ ತೋರಿಸಿದ್ದು ಒಂದು ಗುರುವಾರ ಸಂಜೆ. ಗೇಟಿನ ಸರಳಿಗೆ ಅದುಮಿ ಹಿಡಿದಿದ್ದಳು. "ಎಣಿಸ್ಕೋ. ನಲವತ್ತು. ಅಂಗಡೀಲಿ ಪಾತ್ರೆ ಮುಗಿದಿದ್ಯಂತೆ, ಸೋಮವಾರ ಲಾರಿ ಬರುತ್ತಂತೆ. ನಿಂದೆಷ್ಟಾಯ್ತು?"

"ಮೂವತ್ತೆಂಟು" ಎಂದು ಸುಳ್ಳು ಹೇಳಿದ್ದಳು ಸ್ಯೂಫಾಂಗ್.

"ಹಾಗಾದ್ರೆ ನಾಳೆ ಬೇಗ ಏಳು."

ಶುಕ್ರವಾರ ಐದೂಮುಕ್ಕಾಲಿಗೆ, ಪೇಪರಿನ ಸಾಲಿನಲ್ಲಿ, ಮೂರನೇ ಟೋಪಿಯ ಸುತ್ತಿನಲ್ಲಿ, ಯುಕ್‌ಹಾ ಕೂತಳು. ಬಿದ್ದಳು ಅನ್ನುವಂತಿರಲಿಲ್ಲ. ಸುಸ್ತಾಗಿ ಕೂತ ಹಾಗೆ ಕೂತು ಆಮೇಲೆ ಪಕ್ಕಕ್ಕೆ ವಾಲಿದಳು. ಎರಡು ಜನದ ಹಿಂದೆ ನಿಂತಿದ್ದ ಸ್ಯೂಫಾಂಗ್ ಮೊದಲು ಅಂದುಕೊಂಡದ್ದು, ಇದೂ ಅವಳ ಹೊಸ ನಾಟಕ ಎಂದು. ಸಾಲು ಮುಂದೆ ಸರಿಯಿತು. ಆಮೇಲೆ ಕೂಗಿದಳು, ಆಂಬುಲೆನ್ಸ್ ಕರೆಸಿದಳು, ಟೋಪಿ ತೆಗೆದು ತಲೆಗೆ ಗಾಳಿ ಹಾಕಿದಳು. ಎಲ್ಲ ಮಾಡಿದಳು. ಯುಕ್‌ಹಾಳ ಕೈಯಿಂದ ಜಾರಿದ ಎರಡು ಪೇಪರನ್ನೂ ಎತ್ತಿಕೊಂಡಳು. ಮಧ್ಯಾಹ್ನ ತನ್ನದರ ಜೊತೆ ಆ ಎರಡರ ಕೂಪನ್‌ಗಳನ್ನೂ ಕತ್ತರಿಸಿದಳು. ಒಂದು ಗೆರೆಯೂ ಓರೆಯಾಗಲಿಲ್ಲ. ಅದಕ್ಕೇ ಈಗಲೂ ಅವಳಿಗೆ ತನ್ನ ಕೈ ನೋಡಿಕೊಳ್ಳಲು ಮನಸ್ಸಾಗುವುದಿಲ್ಲ.

*

ಕಾಗದ ಸುಡುವ ಕುಲುಮೆ ಹೊರಗಿತ್ತು. ಕಾಗದದ ಚಿನ್ನ, ಕಾಗದದ ಬಟ್ಟೆಪೆಟ್ಟಿಗೆ, ಕಾಗದದ ಫ್ರಿಜ್ಜು ಒಂದೊಂದಾಗಿ ಉರಿದವು. ಆಚೆಗೆ ಹೋದವರಿಗೆ ಬೇಕಾದ್ದೆಲ್ಲ ಹೊಗೆಯಲ್ಲೇ ತಲುಪಬೇಕು. ಕೊನೆಗೆ ಕಿಟ್‌ಯಿಂಗ್ ಡಬ್ಬಿಯ ಮುಚ್ಚಳ ಎಳೆದಳು.

"ಅಮ್ಮಂಗೆ ಅಲ್ಲೂ ಇವು ಬೇಕಾಗುತ್ತೆ" ಎಂದು ಕಟ್ಟು ಕಟ್ಟು ಕೂಪನ್‌ಗಳನ್ನು ಬೆಂಕಿಗೆ ಎಸೆದಳು. ಸೋಪು, ಎಣ್ಣೆ, ಮೀನಿನ ಡಬ್ಬಿ, ಹಳೆಯವು, ಹೊಸವು ಎಲ್ಲ. ದಪ್ಪ ಕ್ಯುಂಗ್ ಕೂಡ ನಗಲಿಲ್ಲ. ಆಮೇಲೆ ಅವಳ ಕೈಗೆ ನಲವತ್ತು ಚೌಕದ ಹಾಳೆ ಬಂತು.

"ಅಯ್ಯೋ ಅದನ್ನ ಹಾಕ್ಬೇಡ!" ಗ್ವಾಯ್‌ಲಾನ್ ಕಿರುಚಿದಳು. "ಅದು ತುಂಬಿದ ಹಾಳೆ! ಇವತ್ತು ರಾತ್ರಿವರೆಗೂ ನಡೆಯುತ್ತೆ!"

"ಏನಿದು?"

"ಪಾತ್ರೆ ಕಣಮ್ಮ. ಅಂಗಡೀಲಿ ತೋರಿಸಿದ್ರೆ ಕೊಡ್ತಾರೆ. ಅಕ್ಕ ನಂಗೆ ಅಂತಾನೇ..."

"ಪಾತ್ರೆ." ಕಿಟ್‌ಯಿಂಗ್ ಆ ಪದವನ್ನು ಉಗುಳಿದಳು. "ಒಂದು ಪಾತ್ರೆಗೋಸ್ಕರ ನಮ್ಮಮ್ಮ ಆ ಕ್ಯೂನಲ್ಲಿ ಬಿದ್ದು ಸತ್ಲು. ನಾನು ಫೋನಲ್ಲಿ ಒತ್ತಿದ್ರೆ ನಾಳೆ ಮನೆಗೇ ಬರ್ತಿತ್ತು. ಎಷ್ಟು ಸಲ ಹೇಳಿದೀನಿ. 'ಅದ್ರಲ್ಲಿ ಏನು ಮಜಾ' ಅನ್ನೋಳು." ಕೈ ಬೆಂಕಿಯತ್ತ ಹೋಯಿತು.

"ಅದ್ರಲ್ಲಿ ಒಂಬತ್ತು ನಂದು."

ಹೇಳಿದ್ದು ತಾನೇ ಎಂದು ಸ್ಯೂಫಾಂಗಳಿಗೆ ಆಮೇಲೆ ಗೊತ್ತಾಯಿತು. ಎಲ್ಲರೂ ತಿರುಗಿದರು.

"ನಿಮ್ದಾ?" ಗ್ವಾಯ್‌ಲಾನ್ ಬಾಯಿ ತೆರೆದಳು. "ಯಾವಾಗ ಕೊಟ್ರಿ? ನೀವಿಬ್ರೂ ಒಂದು ಉಪ್ಪಿನ ಹರಳು ಬದಲಾಯಿಸ್ಕೊಂಡಿದ್ದು ನಾನು ನೋಡಿಲ್ಲ."

"ನಿನ್ನ ಕೇಳಿ ಕೊಡ್ಬೇಕಿತ್ತಾ? ಬುಧವಾರ ಬಿಟ್ಟು ವಾರದಲ್ಲಿ ಇನ್ನೂ ಆರು ದಿನ ಇವೆ, ತಿಳ್ಕೋ."

"ಸುಟ್ಟು ಬೂದಿ ಆಗೋ ಮೊದ್ಲೇ ಅವಳ ಮುಂದೆ ಸುಳ್ಳು ಹೇಳ್ತೀರಲ್ಲ, ನಾಲಿಗೆ..."

"ಸಾಕು!" ಎಂದಳು ಕಿಟ್‌ಯಿಂಗ್. ಬೆಂಕಿಯ ಝಳಕ್ಕೆ ಅವಳ ಕೂದಲ ಬಿಳಿ ಹೂ ಅದುರುತ್ತಿತ್ತು. ಅವಳು ಸ್ಯೂಫಾಂಗಳನ್ನು ನೋಡಿದ ರೀತಿಯಲ್ಲಿ ಗೌರವವಿರಲಿಲ್ಲ. "ನೀವೇ ಪೂರ್ತಿ ತಗೊಳ್ಳಿ ಚಿಕ್ಕಮ್ಮ. ನಿಮ್ದೇ ಇರ್ಬೇಕು. ಭಾನುವಾರ ಭಾನುವಾರ ನಾನು ಫೋನ್ ಮಾಡ್ತಿದ್ದೆ. ಮುಕ್ಕಾಲು ಗಂಟೆ ನಿಮ್ಮನ್ನೇ ಬೈಯೋಳು. ಎಷ್ಟಕ್ಕೆ ಎಣ್ಣೆ ತಂದ್ರಿ, ಎಷ್ಟೊತ್ತಿಗೆ ಎದ್ರಿ, ಗೇಟು ಹೇಗೆ ಎಳೆದ್ರಿ. ಕೊನೆಗೆ 'ನಿಂದು ಊಟ ಆಯ್ತಾ' ಅಂತ ಒಂದು ಮಾತು. ಅಷ್ಟೇ ನಂದು." ಹಾಳೆಯನ್ನು ಅವಳ ಎದೆಗೆ ಒತ್ತಿದಳು. "ತಗೊಂಡು ಹೋಗಿ."

ಏಳು ಬಗೆಯ ಸೂತಕದೂಟಕ್ಕೆ ಎಲ್ಲರೂ ಹೋಟೆಲಿಗೆ ಹೊರಟರು. ಜನ್ಮದಲ್ಲಿ ಬಿಟ್ಟಿ ಊಟ ಬಿಡದ ಸ್ಯೂಫಾಂಗ್ ತಲೆನೋವೆಂದು ಹೇಳಿ ಮಿನಿಬಸ್ ಹತ್ತಿದಳು.

*

ಅಂಗಡಿಯಲ್ಲಿ ಎರಡು ಪಾತ್ರೆ ಉಳಿದಿದ್ದವು. ಅವಳು ಎರಡನ್ನೂ ಪೆಟ್ಟಿಗೆಯಿಂದ ತೆಗೆಸಿ, ತಟ್ಟಿ, ಅಂಚಿನಲ್ಲಿ ಬೆರಳಾಡಿಸಿ, ಒಂದನ್ನು ಆರಿಸಿದಳು. ಬಿಲ್ಲು ಹಾಕುವ ಹೆಂಗಸು ಹಾಳೆಯನ್ನು ಮೇಲಿಂದ ಕೆಳಕ್ಕೆ ಎಣಿಸಿ ಮುದ್ರೆ ಒತ್ತಿದಳು. ಸ್ಯೂಫಾಂಗ್ ತೊಂಬತ್ತೆಂಟು ಡಾಲರ್ ಕೊಟ್ಟು, ಬಿಳಿ ಲಕೋಟೆ ಬಿಚ್ಚಿ, ಕೊನೆಯ ಒಂದು ಡಾಲರಿನ ನಾಣ್ಯವನ್ನು ಅದರ ಮೇಲಿಟ್ಟಳು. ಲಕೋಟೆ ನೋಡಿ ಹೆಂಗಸು ತುಸು ಹಿಂದೆ ಸರಿದಳು. ನಾಣ್ಯವನ್ನು ಬೆರಳ ತುದಿಯಿಂದ ಗಲ್ಲಾಪೆಟ್ಟಿಗೆಗೆ ತಳ್ಳಿದಳು.

"ನಾಳೆಯಿಂದ ಹೊಸದು ಚಿಕ್ಕಮ್ಮ, ಟವೆಲ್ಲು" ಎಂದು ಖಾಲಿ ಹಾಳೆಯೊಂದನ್ನು ಮುಂದಿಟ್ಟಳು. "ಆ ಮೂರು ಟೋಪಿ ಅಜ್ಜಿ ಬರಲಿಲ್ವಾ ಇವತ್ತು? ನಿಮ್ಮ ಕಟ್ಟಡದವರೇ ಅಲ್ವಾ? ಯಾವಾಗ್ಲೂ ಹಿಂದಿನ ದಿನಾನೇ ಬಂದು ಎರಡು ಹಾಳೆ ಕೇಳೋರು. ಒಬ್ರಿಗೆ ಒಂದೇ ಅಂದ್ರೆ ಜಗಳಕ್ಕೇ ನಿಲ್ಲೋರು."

"ಎರಡು ಯಾಕಂತೆ? ಆಸೆಬುರುಕಿ."

"ಇನ್ನೊಂದು ಎದುರುಮನೆಗಂತೆ. 'ಅವಳಿಗೆ ಕಣ್ಣು ಮಂಜು, ಹೊಸ ಸ್ಕೀಮ್ ಬಂದಿದ್ದೂ ಕಾಣಲ್ಲ, ನಾನೇ ಗೇಟಿಗೆ ಸಿಕ್ಕಿಸ್ಬೇಕು' ಅನ್ನೋರು."

ಹಿಂದೆ ನಿಂತವರು ಕೆಮ್ಮಿದರು. ಸ್ಯೂಫಾಂಗ್ ಪಾತ್ರೆಯ ಚೀಲವನ್ನು ಎತ್ತಲಿಲ್ಲ.

"ನನ್ನ ಕಣ್ಣು ಚೆನ್ನಾಗೇ ಇದೆ" ಎಂದಳು.

"ಏನಂದ್ರಿ ಚಿಕ್ಕಮ್ಮ?"

"ಇನ್ನೊಂದು ಹಾಳೆ ಕೊಡು ಅಂದೆ."

"ಒಬ್ರಿಗೆ ಒಂದೇ..."

"ಕೊಡೇ!"

ಹದಿಮೂರರಲ್ಲಿ ಲಿಫ್ಟು ಬಿಟ್ಟು, ಭಾರದ ಪಾತ್ರೆಯನ್ನು ಒಂದೊಂದೇ ಮೆಟ್ಟಿಲಿಗೆ ಇಟ್ಟು ಎತ್ತಿ, ಇಟ್ಟು ಎತ್ತಿ, ಹದಿನಾಲ್ಕಕ್ಕೆ ಬಂದಳು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಯಾರದೋ ಮನೆಯಲ್ಲಿ ಶುಂಠಿ ಹುರಿಯುವ ವಾಸನೆ. ಚೀಲವನ್ನು ಧೊಪ್ಪೆಂದು ನೆಲಕ್ಕಿಟ್ಟಳು. ಸದ್ದು ಗೋಡೆಗೆ ಬಡಿದು ಹಿಂದಿರುಗಿತು. ಬೀಗದ ಕೈ ಗೊಂಚಲನ್ನು ತೆಗೆದು ಅಲ್ಲಾಡಿಸಿದಳು. ಬೇಕಾದ ಕೈ ಮೊದಲೇ ಬೆರಳಿಗೆ ಸಿಕ್ಕಿತ್ತು; ಬಿಟ್ಟು ಮತ್ತೆ ಹುಡುಕಿದಳು. ಪೆಟ್ಟಿಗೆಯ ಮುಚ್ಚಳ ಸರಿಸಿ, ಕಿತ್ತಳೆ ಬಣ್ಣ ಎದುರು ಬಾಗಿಲಿಗೆ ಕಾಣುವಂತೆ ಪಾತ್ರೆಯನ್ನು ತುಸು ಹೊರಳಿಸಿದಳು.

ಎದುರು ಬಾಗಿಲ ಸಂದಿ ಕಪ್ಪಾಗಿಯೇ ಇತ್ತು.

ಆಮೇಲೆ ಅವಳು ಒಂದು ಖಾಲಿ ಹಾಳೆಯನ್ನು ತೆಗೆದು ಗೋಡೆಗೆ ಒತ್ತಿ, ಮೇಲಿನ ಮೂಲೆಯನ್ನು ಉಗುರಿನಿಂದ ಗೀರಿ ಮಡಿಸಿ, ಯುಕ್‌ಹಾಳ ಗೇಟಿನ ಸರಳಿಗೆ ಕೊಕ್ಕೆ ಹಾಕಿದಳು. ಓರೆಯಾಯಿತು. ನೆಟ್ಟಗೆ ಮಾಡಿದಳು. ತನ್ನ ಗೇಟನ್ನು ಎಳೆದಾಗ ಅದು ಕರ್ರ್ ಎಂದಿತು. ಆ ಗಾಳಿಗೆ ನಲವತ್ತು ಖಾಲಿ ಚೌಕಗಳು ಒಮ್ಮೆ ಮೇಲೆದ್ದು ಸರಳಿಗೆ ಬಡಿದವು.